ಊದಿದವನ ಹೆಸರು

ಇಂಗ್ಲೆಂಡಿನ ಸ್ಟೌರ್‌ಬ್ರಿಜ್ ಪಟ್ಟಣದ ಪಕ್ಕದ ವರ್ಡ್ಸ್ಲಿಯಲ್ಲಿ ಕಾಲುವೆಯ ದಡಕ್ಕೆ ರೆಡ್ ಹೌಸ್ ಕೋನ್ ನಿಂತಿದೆ. 18ನೇ ಶತಮಾನದ ಕೊನೆಯಲ್ಲಿ ಕಟ್ಟಿದ, ಸುಮಾರು 100 ಅಡಿ ಎತ್ತರದ ಇಟ್ಟಿಗೆಯ ಶಂಕು. ಒಳಹೊಕ್ಕು ಕತ್ತೆತ್ತಿದರೆ ತುದಿಯಲ್ಲಿ ಆಕಾಶದ ಒಂದು ತುಣುಕು. ಇಡೀ ಕಟ್ಟಡವೇ ಒಂದು ಚಿಮಣಿ. ನೆಲದಡಿಯ ಸುರಂಗಗಳಿಂದ ನುಗ್ಗುವ ಗಾಳಿ ನಡುವಿನ ಕುಲುಮೆಯ ಕಲ್ಲಿದ್ದಲನ್ನು ಕೆರಳಿಸಿ, ಹೊಗೆಯನ್ನು ಮೇಲಕ್ಕೆಳೆದುಕೊಂಡು ಹೋಗುತ್ತಿತ್ತು. ಗಾಜಿನ ಕೆಲಸದವರು ಈ ಚಿಮಣಿಯ ಹೊಟ್ಟೆಯಲ್ಲೇ ಬೆಂಕಿಯ ಸುತ್ತ ನಿಂತು ದುಡಿದರು, 1936ರವರೆಗೂ.

ಈಗ ಇದು ಮ್ಯೂಸಿಯಂ. ಗೋಡೆಗೆ ಕೈಯಿಟ್ಟರೆ ಇಟ್ಟಿಗೆ ತಣ್ಣಗಿದೆ. ಇಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಒಂದು ಹೂದಾನಿಯ ಕಥೆ.

ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ರೋಮನ್ನರ ಪೋರ್ಟ್‌ಲ್ಯಾಂಡ್ ಹೂದಾನಿಯಂಥದ್ದೇ ಇನ್ನೊಂದನ್ನು ಗಾಜಿನಲ್ಲಿ ಮಾಡಿಸಬೇಕೆಂದು ಈ ಕಾರ್ಖಾನೆಯ ಒಡೆಯ ಫಿಲಿಪ್ ಪಾರ್ಗೆಟರ್ ಹಟ ಹಿಡಿದ. ಕೆತ್ತಿದವನು ಜಾನ್ ನಾರ್ತ್‌ವುಡ್. ನೀಲಿ ಗಾಜಿನ ಮೇಲಿನ ಬಿಳಿ ಪದರವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಕೆರೆದು, ಬಟ್ಟೆಯ ನಿರಿಗೆ, ಬೆರಳು, ಎಲೆಗಳನ್ನು ಹೊರಗೆ ತಂದ. ಮೂರು ವರ್ಷ ಹಿಡಿಯಿತು. ಕೆಲಸ ಮುಗಿಯುವ ಹೊತ್ತಿಗೆ, ಒಂದು ಚಳಿಯ ದಿನ ಅವನ ಕೈಯ ಬಿಸಿಗೇ ಹೂದಾನಿ ಬಿರುಕು ಬಿಟ್ಟಿತಂತೆ. ಆದರೂ ಕೈಬಿಡದೆ 1876ರಲ್ಲಿ ಮುಗಿಸಿದ. ಓದುವಾಗ ನನ್ನ ಎದೆಯೇ ಧಸಕ್ಕೆಂದಿತು.

ಆ ನೀಲಿ-ಬಿಳಿ ಹೂದಾನಿಯನ್ನು ಇಲ್ಲಿ ಊದಿದವನು ಡೇನಿಯಲ್ ಹ್ಯಾಂಕಾಕ್ಸ್. ಎರಡು ಬಣ್ಣದ ಗಾಜು ಒಂದರ ಮೇಲೊಂದು ಕೂರಬೇಕಾದರೆ, ಆರುವಾಗ ಎರಡೂ ಒಂದೇ ಅಳತೆಯಲ್ಲಿ ಕುಗ್ಗಬೇಕು, ಹೆಚ್ಚುಕಡಿಮೆಯಾದರೆ ಒಡೆಯುತ್ತದೆ. ಪದರ ಎಲ್ಲೂ ತೀರಾ ತೆಳುವಾಗಕೂಡದು. ಕೆಂಡದಂಥ ಮುದ್ದೆಯನ್ನು ಕೊಳವೆಯ ತುದಿಯಲ್ಲಿ ತಿರುಗಿಸುತ್ತ, ಇದನ್ನೆಲ್ಲ ಅವನು ಕೆಲವೇ ನಿಮಿಷಗಳ ಬಿಸಿಯೊಳಗೆ ಸಾಧಿಸಬೇಕಿತ್ತು. ತಪ್ಪಿದರೆ ಕೆರೆದು ತಿದ್ದುವ ಅವಕಾಶ ಅವನಿಗಿರಲಿಲ್ಲ.

ಇಂದು ಅಮೆರಿಕದ ಕಾರ್ನಿಂಗ್ ಮ್ಯೂಸಿಯಮ್ಮಿನಲ್ಲಿರುವ ಆ ಹೂದಾನಿಯನ್ನು ಜನ ನಾರ್ತ್‌ವುಡ್‌ನ ಹೆಸರಿನಿಂದಲೇ ಗುರುತಿಸುತ್ತಾರೆ. ಅವನ ಕೀರ್ತಿ ಅವನದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹ್ಯಾಂಕಾಕ್ಸ್ ಊದಿದ್ದು ಕೆಡದೆ ನಿಂತಿದ್ದರಿಂದಲೇ ನಾರ್ತ್‌ವುಡ್‌ನ ಉಳಿಗೆ ಮೂರು ವರ್ಷದ ಕೆಲಸ ಸಿಕ್ಕಿತು. ಹೂದಾನಿಯ ಪಕ್ಕದ ಫಲಕದಲ್ಲಿ ಎರಡೂ ಹೆಸರುಗಳು ಒಂದೇ ಅಕ್ಷರದ ಅಳತೆಯಲ್ಲಿ ಇರಬೇಕೆಂದು ನನಗೆ ಬಲವಾಗಿ ಅನಿಸಿತು.