ಬಾಗಿಲಿಗೆ ಬಂದ ಕಥೆ

ವಚನವೆಂದರೆ ನುಡಿದದ್ದು. ಶರಣರ ನುಡಿ ಓಲೆಗರಿಯನ್ನು ಸೇರುವ ಮೊದಲು ನಾಲಿಗೆಯಲ್ಲಿ ನೆಲೆಸಿತ್ತು, ಕಿವಿಯಿಂದ ಕಿವಿಗೆ ಸಾಗಿತ್ತು. ಓಲೆಗರಿಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಹುಡುಕಿ ತಂದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಅಂಥ ತಪಸ್ಸಿನಿಂದ ಶರಣರ ನುಡಿ ಮನೆಮನೆಯನ್ನು ತಲುಪಿತು. ಆದರೆ ಕಲ್ಯಾಣದ ನೆನಪು ಓಲೆಗರಿಯಲ್ಲಿ ಮಾತ್ರ ಉಳಿದಿರಲಿಲ್ಲ. ಅಕ್ಷರ ಕಲಿಯದ ಗಾಯಕರ ಕಂಠದಲ್ಲಿಯೂ ಉಳಿದಿತ್ತು.

ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಯ ನೀಲಗಾರರು ಅಂಥ ಗಾಯಕರು. ಮಂಟೇಸ್ವಾಮಿ ಪರಂಪರೆಯಲ್ಲಿ ದೀಕ್ಷೆ ಪಡೆದ ಇವರಲ್ಲಿ ಅನೇಕರು ದಲಿತ ಸಮುದಾಯದವರು. ತಂಬೂರಿ ಹಿಡಿದು, ಹಿಮ್ಮೇಳದವರ ಸೊಲ್ಲಿನೊಡನೆ ಇವರು ರಾತ್ರಿಯಿಡೀ ಹಾಡುವ ಮಹಾಕಾವ್ಯದಲ್ಲಿ ಬಸವಣ್ಣನವರೂ ನೀಲಮ್ಮನವರೂ ಪಾತ್ರಗಳು. ಮಂಟೇಸ್ವಾಮಿ ಹೇಸಿಕೆ ಹುಟ್ಟಿಸುವ ರೂಪದಲ್ಲಿ ಕಲ್ಯಾಣದ ಬಾಗಿಲಿಗೆ ಬಂದು ಅಲ್ಲಿನವರ ಭಕ್ತಿಯನ್ನು ಪರೀಕ್ಷಿಸುತ್ತಾನೆ. ಲಾಂಛನ ಧರಿಸಿದವರು ಮೂಗು ಮುಚ್ಚಿಕೊಂಡು ದೂರ ಸರಿಯುತ್ತಾರೆ. ಬಂದವನ ನಿಜವನ್ನರಿತು ಒಳಗೆ ಕರೆದವರು ಬಸವಣ್ಣನವರು. ಇತಿಹಾಸದ ಕಾಲಗಣನೆಗೆ ಈ ಪ್ರಸಂಗ ಹೊಂದದಿರಬಹುದು. ಆದರೆ ನಡೆ ನುಡಿ ಒಂದಾಗಬೇಕೆಂಬ ಶರಣರ ತತ್ತ್ವವನ್ನು ಇದಕ್ಕಿಂತ ಕಠಿಣವಾಗಿ ಒರೆಗೆ ಹಚ್ಚುವ ಕಥೆ ಅಪರೂಪ.

ಇಂದು ಈ ಕಥೆಯೇ ಬಾಗಿಲಲ್ಲಿ ನಿಂತಿದೆ. ಒಂದು ಕಾಲಕ್ಕೆ ಹರಕೆ ಹೊತ್ತ ಮನೆಯವರು ನೀಲಗಾರರನ್ನು ಕರೆಸಿ, ಊರವರೊಡನೆ ಬೆಳಗಿನವರೆಗೆ ಕುಳಿತು ಕೇಳುತ್ತಿದ್ದರು. ಈಗ ಉತ್ಸವದ ವೇದಿಕೆಯಲ್ಲಿ ಅವರಿಗೆ ದೊರೆಯುವುದು ಹತ್ತು ಹದಿನೈದು ನಿಮಿಷ. ಭಿಕ್ಷೆಯ ಜೋಳಿಗೆಗೆ ಅಂಟಿದ ಅವಮಾನಕ್ಕೆ ನೊಂದ ಮಕ್ಕಳು ತಂಬೂರಿಯನ್ನು ಗೋಡೆಗೆ ತೂಗುಹಾಕಿ ನಗರದ ಕೂಲಿಗೆ ಹೊರಡುತ್ತಾರೆ. ಅವರನ್ನು ದೂಷಿಸುವುದು ತರವಲ್ಲ. ಕೇಳುವವರಿಲ್ಲದ ಮೇಲೆ ಹಾಡುವವರು ಎಲ್ಲಿಂದ ಬಂದಾರು?

ವಿದ್ವಾಂಸರು ಈ ಕಾವ್ಯವನ್ನು ಧ್ವನಿಮುದ್ರಿಸಿ ಗ್ರಂಥರೂಪಕ್ಕೆ ತಂದಿದ್ದಾರೆ. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೂ ಸ್ಥಾಪನೆಯಾಯಿತು. ಇವೆಲ್ಲ ಸ್ತುತ್ಯ ಕಾರ್ಯಗಳು. ಆದರೂ ಗ್ರಂಥ ಉಳಿಸುವುದು ಒಂದು ರಾತ್ರಿಯ ಹಾಡನ್ನು ಮಾತ್ರ. ಗಾಯಕ ಕಾವ್ಯವನ್ನು ಅಕ್ಷರಶಃ ಬಾಯಿಪಾಠ ಮಾಡಿರುವುದಿಲ್ಲ. ಕಥೆಯ ನಡೆ, ಮರುಕಳಿಸುವ ಸೊಲ್ಲು, ವರ್ಣನೆಯ ಪಟ್ಟು ಅವನ ಸ್ವಾಧೀನದಲ್ಲಿರುತ್ತವೆ. ಎದುರು ಕುಳಿತವರ ಮುಖ ನೋಡಿ ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ತಾಯಂದಿರ ಕಣ್ಣು ತುಂಬಿದ ಕಡೆ ತಂಬೂರಿ ನಿಧಾನವಾಗುತ್ತದೆ. ಕಥೆ ಪೂರ್ಣವಾಗುವುದು ಕೇಳುವವನ ‘ಹೂಂ’ಕಾರದಲ್ಲಿ.

ಆದ್ದರಿಂದ ಈ ಕಲೆಯ ಪುನರುಜ್ಜೀವನವು ಸನ್ಮಾನದ ಶಾಲು ಹೊದಿಸುವುದರಿಂದ ಆಗುವುದಲ್ಲ. ಶ್ರಾವಣದ ಪ್ರವಚನಕ್ಕೆ ಒಂದು ತಿಂಗಳನ್ನು ಮೀಸಲಿಡುವ ಭಕ್ತಸಮೂಹ, ಒಂದು ಪೂರ್ಣ ರಾತ್ರಿಯನ್ನು ನೀಲಗಾರರಿಗೆ ಕೊಡಬಹುದು. ಪ್ರಸಾದ ನಿಲಯದ ಮಕ್ಕಳು ಮುಂದೆ ಕುಳಿತು ಕೇಳಬಹುದು. ಹಾಡಿದವರಿಗೆ ಸಲ್ಲುವುದು ಭಿಕ್ಷೆಯಾಗದೆ ಕಾಯಕದ ಫಲವಾಗಬೇಕು. ಹಿರಿಯ ಗಾಯಕರ ಬಳಿ ಕಲಿಯುವ ಒಬ್ಬ ಹುಡುಗನ ಅನ್ನ ವಿದ್ಯೆಗಳ ಹೊಣೆಯನ್ನು ಒಂದು ಊರು ಹೊತ್ತರೂ ಒಂದು ತಲೆಮಾರು ಉಳಿದೀತು.

ಎಲ್ಲಕ್ಕೂ ಮಿಗಿಲಾಗಿ, ಹಾಡುಗಾರರನ್ನು ಅಂಗಳದಲ್ಲಿ ನಿಲ್ಲಿಸದೆ ಒಳಗೆ ಕರೆದು ಪಂಕ್ತಿಯಲ್ಲಿ ಜೊತೆಗೆ ಕೂರಿಸಿಕೊಳ್ಳಬೇಕು. ಮಂಟೇಸ್ವಾಮಿ ಕಲ್ಯಾಣದ ಬಾಗಿಲಲ್ಲಿ ಕೇಳಿದ್ದು ಅದನ್ನೇ. ಬಸವಣ್ಣನವರ ಹೆಸರು ಹೇಳುವ ಪ್ರತಿಯೊಂದು ಮನೆಯ ಬಾಗಿಲಿಗೂ ಆ ಪರೀಕ್ಷೆ ಇಂದಿಗೂ ಬರುತ್ತಲೇ ಇದೆ.