ಅಮಾನತ್ತು ಖಾತೆ

ಲೆಕ್ಕಶಾಸ್ತ್ರದ ಮೊದಲ ಪಾಠಗಳಲ್ಲಿ ಇದೂ ಒಂದು: ತಾಳೆಪಟ್ಟಿಯ ಎರಡು ಬದಿಗಳು ಸರಿಹೊಂದದಿದ್ದಲ್ಲಿ ಆ ವ್ಯತ್ಯಾಸವನ್ನು ಕೈಗೆ ಸಿಕ್ಕವರ ಹೆಸರಿಗೆ ಖರ್ಚು ಬರೆಯಬಾರದು, ಕಾರಣ ದೊರೆಯುವವರೆಗೆ ಅದನ್ನು ಅಮಾನತ್ತು ಖಾತೆಯಲ್ಲಿ ಇರಿಸಬೇಕು. ಬಿ.ಕಾಂ. ತರಗತಿಯಲ್ಲಿ ಇದನ್ನು ಕಲಿತು ನಾಲ್ಕು ದಶಕಗಳ ಕಾಲ ಅಂಗಡಿಯ ಪುಸ್ತಕಗಳಲ್ಲಿ ಪಾಲಿಸಿದ ನಾನು, ಮನೆಯೊಳಗೆ ಮಾತ್ರ ಅದನ್ನು ಮರೆತೆ. ಆ ಪ್ರಸಂಗವನ್ನು ಓದುಗರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ನಮ್ಮ ಮನೆಯ ಕಂಪ್ಯೂಟರ್‌ನಲ್ಲಿ ಅಂಗಡಿಯ ದಾಸ್ತಾನು ಪಟ್ಟಿ, ಕುಟುಂಬದ ಲೆಕ್ಕಪತ್ರ ಹಾಗೂ ನನ್ನ ಟಿಪ್ಪಣಿಗಳಿವೆ. 2024ರ ಮಳೆಗಾಲದಲ್ಲಿ ಅದು ಇದ್ದಕ್ಕಿದ್ದಂತೆ ನಿಲ್ಲತೊಡಗಿತು. ಕೆಲವೊಮ್ಮೆ ಪರದೆಯೆಲ್ಲ ನೀಲಿಯಾಗುತ್ತಿತ್ತು. ಕೆಲವೊಮ್ಮೆ ಯಾವ ಸೂಚನೆಯನ್ನೂ ಕೊಡದೆ ತಾನಾಗಿಯೇ ಮರಳಿ ಆರಂಭವಾಗುತ್ತಿತ್ತು. ಮೂರು ದಿನ ನೆಟ್ಟಗೆ ನಡೆದು ನಾಲ್ಕನೆಯ ದಿನ ಎರಡು ಬಾರಿ ನಿಂತದ್ದುಂಟು. ನಿಯಮವಿಲ್ಲದ ದೋಷವನ್ನು ಹಿಡಿಯುವುದು ಕಷ್ಟ. ಅಂತಹ ದೋಷಕ್ಕೆ ಒಬ್ಬ ಅಪರಾಧಿಯನ್ನು ಕಲ್ಪಿಸಿಕೊಳ್ಳುವುದು ಬಲು ಸುಲಭ.

ನನ್ನ ಹದಿನಾಲ್ಕು ವರ್ಷದ ಮೊಮ್ಮಗ ಆ ಯಂತ್ರದಲ್ಲಿ ಆಟವಾಡುತ್ತಿದ್ದ. ಅವನು ಏನನ್ನೋ ತಂದು ತುಂಬಿದ್ದರಿಂದಲೇ ಹೀಗಾಯಿತೆಂದು ನಾನು ನಿಶ್ಚಯಿಸಿ, ಎಲ್ಲರೆದುರು ಗದರಿಸಿ, ಯಂತ್ರವನ್ನು ಮುಟ್ಟಕೂಡದೆಂದು ವಿಧಿಸಿದೆ. ಅವನು ಒಮ್ಮೆ "ನಾನಲ್ಲ ತಾತ" ಎಂದ, ಆಮೇಲೆ ಮಾತನಾಡಲಿಲ್ಲ. ದುರಸ್ತಿಗಾರರೊಬ್ಬರಿಂದ ವಿಂಡೋಸ್ ಅನ್ನು ಹೊಸದಾಗಿ ತುಂಬಿಸಿದ್ದಾಯಿತು. ದಸರಾ ರಜೆಯಲ್ಲಿ ಹುಡುಗ ಸೋದರಮಾವನ ಮನೆಗೆ ಹೋಗಿದ್ದಾಗ, ಒಂದೇ ಬೆಳಿಗ್ಗೆ ಯಂತ್ರ ಎರಡು ಸಲ ನಿಂತಿತು. ಆಗ ನನಗೆ ಮೊದಲ ಬಾರಿಗೆ ನಾಚಿಕೆಯಾಯಿತು.

ಇಂಜಿನಿಯರ್ ಆಗಿರುವ ತಂಗಿಯ ಮಗಳು ದೂರವಾಣಿಯಲ್ಲಿ ಹೇಳಿದಳು: "ಮೊದಲು ಬರೆಯಿರಿ, ಆಮೇಲೆ ಮುಟ್ಟಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ." ಅಂದಿನಿಂದ ದಿನಾಂಕ, ವೇಳೆ, ಆಗ ನಡೆಯುತ್ತಿದ್ದ ಕೆಲಸ, ಪರದೆಯ ಮೇಲಿನ ಬರಹ ಇವನ್ನೆಲ್ಲ ಒಂದು ಪುಸ್ತಕದಲ್ಲಿ ನಮೂದಿಸತೊಡಗಿದೆ. ವಿಂಡೋಸ್‌ನ 'ಇವೆಂಟ್ ವ್ಯೂವರ್' ಎಂಬ ದಾಖಲೆಯಲ್ಲಿ ಪ್ರತಿ ಬಾರಿಯೂ 'ಕರ್ನಲ್-ಪವರ್ 41' ಎಂಬ ನಮೂದಿತ್ತು. ಇದನ್ನು ಕಂಡು ವಿದ್ಯುತ್ತಿನ ದೋಷವೆಂದು ಸಂಭ್ರಮಿಸಿದೆ. ಅದೂ ಅವಸರದ ತೀರ್ಪೇ. ಯಂತ್ರ ಕ್ರಮವಾಗಿ ಮುಚ್ಚಿಕೊಳ್ಳದೆ ಮರಳಿ ಆರಂಭವಾಯಿತೆಂದಷ್ಟೇ ಆ ಸಂಖ್ಯೆ ಹೇಳುತ್ತದೆ, ಏಕೆಂದು ಹೇಳುವುದಿಲ್ಲ.

ಯಂತ್ರದ ವಿದ್ಯುತ್ ಸಂಪರ್ಕ ತೆಗೆದು ಒಳಗಿನ ಧೂಳನ್ನು ಸ್ವಚ್ಛಗೊಳಿಸಿದೆವು. ಶಾಖ ಮಿತಿಯಲ್ಲಿತ್ತು, ಆದರೂ ಯಂತ್ರ ನಿಂತಿತು. ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನು ಎರವಲು ತಂದು ಬದಲಿಸಿದೆವು, ಆದರೂ ನಿಂತಿತು. ಪುಸ್ತಕದ ಪುಟಗಳನ್ನು ತಿರುವಿದಾಗ ಒಂದು ಸಂಗತಿ ಕಂಡಿತು: ನೀಲಿ ಪರದೆಯ ಬರಹ ಪ್ರತಿ ಸಲವೂ ಬೇರೆ, ದೋಷದ ಹೊಣೆ ಹೊತ್ತ ತಂತ್ರಾಂಶವೂ ಬೇರೆ. ಎಲ್ಲರ ಮೇಲೂ ಸರದಿಯಂತೆ ಆರೋಪ ಬರುತ್ತಿದ್ದರೆ, ಎಲ್ಲರೂ ಬಳಸುವ ಸ್ಥಳವನ್ನೇ ಪರೀಕ್ಷಿಸಬೇಕು. ಆ ಸ್ಥಳ ಯಂತ್ರದ ಮೆಮೊರಿ, ಅಂದರೆ ರ‍್ಯಾಮ್.

ಕ್ರಿಸ್ ಬ್ರೇಡಿ ಎಂಬವರು 1994ರಲ್ಲಿ ರಚಿಸಿದ 'ಮೆಮ್‌ಟೆಸ್ಟ್86' ಎಂಬ ಪರೀಕ್ಷಾ ತಂತ್ರಾಂಶ ಇಂದಿಗೂ ಬಳಕೆಯಲ್ಲಿದೆ. ಅದು ಮೆಮೊರಿಯ ಸ್ಥಾನಗಳಲ್ಲಿ ಗೊತ್ತಾದ ಅಂಕಿಗಳನ್ನು ಬರೆದು, ಮರಳಿ ಓದಿ, ತಾಳೆ ನೋಡುತ್ತದೆ. ಲೆಕ್ಕ ಪರಿಶೋಧಕನ ಕೆಲಸವೇ ಅದು. ಅದನ್ನು ರಾತ್ರಿಯಿಡೀ ನಡೆಸಿದೆವು. ಮೊದಲ ಸುತ್ತು ನಿರ್ದೋಷ. ಬೆಳಗಾಗುವಷ್ಟರಲ್ಲಿ ಕೆಂಪು ಸಾಲುಗಳು ಮೂಡಿದ್ದವು. ಎರಡು ಮೆಮೊರಿ ಪಟ್ಟಿಗಳನ್ನು ಒಂದೊಂದಾಗಿ ಅದೇ ಕಿಂಡಿಯಲ್ಲಿ ಕೂರಿಸಿ ಪರೀಕ್ಷಿಸಿದಾಗ ಒಂದು ನಿರ್ದೋಷವಾಗಿತ್ತು, ಇನ್ನೊಂದು ತಪ್ಪು ತೋರಿತು. ತಪ್ಪು ತೋರಿದ್ದನ್ನು ಬೇರೆ ಕಿಂಡಿಗೆ ಬದಲಿಸಿದರೂ ತಪ್ಪು ಅದನ್ನೇ ಹಿಂಬಾಲಿಸಿತು. ಆ ಪಟ್ಟಿಯನ್ನು ಬೆಲೆ ಕಡಿಮೆಯೆಂದು ಆ ಬೇಸಿಗೆಯಲ್ಲಿ ಹಾಕಿಸಿದವನು ನಾನೇ.

ಹಾನಿ ಇಷ್ಟಕ್ಕೇ ಮುಗಿಯಲಿಲ್ಲ. ಕೆಟ್ಟ ಮೆಮೊರಿ ಯಂತ್ರವನ್ನು ನಿಲ್ಲಿಸುವುದಲ್ಲದೆ, ಸದ್ದಿಲ್ಲದೆ ಅಂಕಿಗಳನ್ನೂ ಕೆಡಿಸಬಲ್ಲದು. ತಪ್ಪನ್ನು ತಾನೇ ತಿದ್ದಿಕೊಳ್ಳುವ ಸಂಕೇತ ಪದ್ಧತಿಯನ್ನು ರಿಚರ್ಡ್ ಹ್ಯಾಮಿಂಗ್ 1950ರಲ್ಲಿಯೇ ಪ್ರಕಟಿಸಿದ್ದರು. ಸರ್ವರ್ ಯಂತ್ರಗಳ ಮೆಮೊರಿಯಲ್ಲಿ ಅಂತಹ ಏರ್ಪಾಡು ಇರುತ್ತದೆ, ಮನೆಬಳಕೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದಕಾರಣ ಆ ತಿಂಗಳುಗಳ ಲೆಕ್ಕವನ್ನೆಲ್ಲ ಕಾಗದದ ರಸೀದಿಗಳೊಡನೆ ಮತ್ತೆ ತಾಳೆ ನೋಡಬೇಕಾಯಿತು. ದಾಸ್ತಾನು ಪಟ್ಟಿಯೊಂದು ತೆರೆಯಲೇ ಇಲ್ಲ. ಹಳೆಯ ಪ್ರತಿಯಿಂದ ಅದನ್ನು ಮರಳಿ ಕಟ್ಟಿದೆ. ಟ್ರಸ್ಟ್‌ಗಳ ಲೆಕ್ಕವನ್ನು ಇಂತಹ ಯಂತ್ರಗಳಲ್ಲಿ ಇಡುವವರು ಬೇರೆ ಕಡೆ ಒಂದು ಪ್ರತಿಯನ್ನು ತಪ್ಪದೆ ಇರಿಸಬೇಕೆಂದು ವಿನಂತಿಸುತ್ತೇನೆ.

ಮೊಮ್ಮಗನನ್ನು ಎಲ್ಲರೆದುರು ಗದರಿಸಿದ್ದೆನಾದ್ದರಿಂದ ಎಲ್ಲರೆದುರೇ ಅವನ ಕ್ಷಮೆ ಕೇಳಿದೆ. ಅವನು ತಲೆ ತಗ್ಗಿಸಿ, "ಹೋಗಲಿ ಬಿಡಿ ತಾತ" ಎಂದ. ಆ ರಾತ್ರಿ ಪುಸ್ತಕದ ಕೊನೆಯಲ್ಲಿ ತಿದ್ದುಪಡಿಯ ನಮೂದು ಬರೆದು, ಹೊಸ ಪಟ್ಟಿಯ ಬೆಲೆಯನ್ನು ನನ್ನ ಹೆಸರಿಗೆ ಖರ್ಚು ಹಾಕಿದೆ. ಯಂತ್ರ ಅಂದಿನಿಂದ ನಿಂತಿಲ್ಲ. ಆದರೆ ಆ ಹುಡುಗ ಮೌನವಾಗಿ ಕಳೆದ ವಾರಗಳನ್ನು ಯಾವ ನಮೂದಿನಿಂದಲೂ ಹಿಂದಿರುಗಿಸಲಾರೆ. ಕಾರಣ ತಿಳಿಯುವವರೆಗೆ ತೀರ್ಪನ್ನು ಅಮಾನತ್ತಿನಲ್ಲಿಡುವುದು ಅಂಗಡಿಯ ಪುಸ್ತಕಕ್ಕಿಂತ ಮನೆಯ ಮಾತುಕತೆಗೇ ಹೆಚ್ಚು ಅವಶ್ಯವೆಂದು ಈ ವಯಸ್ಸಿನಲ್ಲಿ ಕಲಿತೆ.