ಕಳಚದ ಲೆನ್ಸಿನ ಕ್ಯಾಮೆರಾ, ಮೆಣಸಿನ ಹೊಲದಲ್ಲಿ ಎಂಟು ದಿನ



ಹೋದ ವಾರ ಕೊರಳಿಗೆ ದಪ್ಪನೆ ಕ್ಯಾಮೆರಾ ಹಾಕ್ಕೊಂಡು ಮೆಣಸಿನ ಸಾಲಿನಲ್ಲಿ ಓಡಾಡ್ತಿದ್ದೆ. ದಾರಿ ಮೇಲೆ ಹೋಗೋರು "ಏನ್ರೀ, ಗಿಡಕ್ಕ ಲಗ್ನ ಇಟ್ಕೊಂಡೀರೇನು?" ಅಂತ ನಕ್ಕರು. ನಗಲಿ. ಅದರ ಹಿಂದಿನ ಕಥೆ ಇವತ್ತು ಬರೀತೀನಿ. ಉದ್ದ ಆಗ್ತದೆ, ಚಹಾ ತಗೊಂಡು ಕೂತು ಓದ್ರಿ.

ಹೋದ ವರ್ಷ ನವೆಂಬರಿನಲ್ಲಿ ನನ್ನ ಎರಡು ಎಕರೆ ಬ್ಯಾಡಗಿ ಗಿಡದ ಕುಡಿ ಎಲೆ ಮುದುಡಿದ್ದು ನಿಮಗೆ ನೆನಪಿರಬೇಕು. ನಿಂತಲ್ಲಿಂದಲೇ ಫೋನಿನಲ್ಲಿ ಫೋಟೋ ತೆಗೆದು ಔಷಧಿ ಅಂಗಡಿಯವರಿಗೆ ಕಳಿಸಿದೆ. 2021-22ರಲ್ಲಿ ಆ ಕರಿ ಥ್ರಿಪ್ಸ್ ಬಂದು ಮೆಣಸಿನ ಸೀಮೆಯನ್ನೆಲ್ಲ ಅಳಿಸಿ ಹೋದಾಗಿನಿಂದ ಎಲ್ಲರ ತಲೆಯಲ್ಲೂ ಅದೇ ಕೂತುಬಿಟ್ಟಿದೆ. ಅವರೂ "ಥ್ರಿಪ್ಸ್" ಅಂದರು, ನಾನೂ ಹೌದು ಅಂದೆ. ಮೂರು ಸಲ ಹೊಡೆದೆ. ಗಿಡ ಸುಧಾರಿಸಲಿಲ್ಲ, ಇನ್ನೂ ಹಾಳಾಯಿತು. ಕೊನೆಗೆ ತಿಳಿದವರೊಬ್ಬರು ಹೊಲಕ್ಕೇ ಬಂದು ಎಲೆ ಮಗುಚಿ ನೋಡಿ "ಇದು ಹಳದಿ ಮೈಟ್ ನುಸಿ" ಅಂದರು. ಅಷ್ಟರಲ್ಲಿ ಹೂವು ಉದುರಿ, ಅರ್ಧ ಬೆಳೆ ಹೋಗಿತ್ತು. ಮಗಳ ಕಾಲೇಜಿನ ಫೀಸಿಗೆ ಮನೆಯಾಕಿ ಬಳೆ ಅಡವು ಇಡಬೇಕಾಯ್ತು. ಬಳೆ ಇನ್ನೂ ಬಿಡಿಸಿಲ್ಲ.

ಆವಾಗಿನಿಂದ ಒಂದು ಒಳ್ಳೆ ಕ್ಯಾಮೆರಾ ಇದ್ದಿದ್ರೆ ಅನ್ನೋ ಮಾತು ತಲೆಯಲ್ಲಿತ್ತು. ಪೇಟೆಯಲ್ಲಿ ಸ್ಟುಡಿಯೋ ಮುಚ್ಚುತ್ತಿದ್ದ ಹಿರಿಯರೊಬ್ಬರು ತಮ್ಮ ಹಳೆ ಒಲಿಂಪಸ್ ಇ-10 ತೋರಿಸಿ, "ಮೂರು ಸಾವಿರ ಕೊಡು. ಮೊದಲು ಎಂಟು ದಿನ ಒಯ್ದು ನೋಡು" ಅಂದರು. ಇದು 2000ನೇ ಇಸವಿಯಲ್ಲಿ ಬಂದ ಮಾಡೆಲ್. ಎಸ್‌ಎಲ್‌ಆರ್ ಹೌದು, ಆದರೆ ಲೆನ್ಸ್ ಕಳಚಲಿಕ್ಕೆ ಬರೋದಿಲ್ಲ, ಬಾಡಿಗೇ ಕೂತಿದೆ.

ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಹಿಡಿದು, ಗೊರಸು ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡ್ತೀವಲ್ಲ, ಹಾಗೇ ನೋಡಿದೆ.

ಮೊದಲು ತೂಕ. ಬ್ಯಾಟರಿ ಹಾಕದೇನೇ ಒಂದು ಕೆಜಿ ದಾಟುತ್ತದೆ. ಲೋಹದ ಮೈ. ಬಲಗೈ ಹಿಡಿ ದಪ್ಪ ಇದೆ, ಸಲಿಕೆ ಹಿಡಿದು ಜಡ್ಡುಗಟ್ಟಿದ ಕೈಗೂ ಸರಿಯಾಗಿ ಕೂರ್ತದೆ. ಭಾರದ ಬಹುಪಾಲು ಮುಂದಿನ ಲೆನ್ಸಿನಲ್ಲೇ ಇರೋದರಿಂದ ಎಡಗೈ ಅದರ ಕೆಳಗೆ ಇಡಲೇಬೇಕು. ಒಂದೇ ಕೈಯಲ್ಲಿ ಗಿಡ ಸರಿಸಿ ಇನ್ನೊಂದರಲ್ಲಿ ಫೋಟೋ ಅನ್ನೋದು ಇದರಲ್ಲಿ ಆಗದ ಮಾತು. ಎರಡು ತಾಸಿಗೆ ಕುತ್ತಿಗೆ ಹಿಡಿಯಿತು.

ಲೆನ್ಸಿನ ಮೇಲೆ ಎರಡು ಬಳೆ. ಜೂಮಿನ ಬಳೆ ಕೈಯಿಂದಲೇ ತಿರುಗಿಸೋದು, ಎಲ್ಲಿ ನಿಲ್ಲಿಸಿದರೆ ಅಲ್ಲೇ ನಿಲ್ಲುತ್ತದೆ. ಗುಂಡಿ ಒತ್ತಿ ಮೋಟರ್ ಗುರ್ ಅನ್ನೋದು ಕಾಯಬೇಕಿಲ್ಲ. ಫೋಕಸ್ ಬಳೆ ಮಾತ್ರ ತಿರುಗೋದು ನಮ್ಮ ಕೈಯಲ್ಲಿ, ಒಳಗೆ ಕೆಲಸ ಮಾಡೋದು ಕರೆಂಟು. ಹಾಗಾಗಿ ಎಷ್ಟು ತಿರುಗಿತು ಅನ್ನೋದು ಬೆರಳಿಗೆ ತಿಳಿಯೋದಿಲ್ಲ. ಲೆನ್ಸಿನ ಬಾಯಿ ದೊಡ್ಡದು, ಎಫ್ 2ರಿಂದ 2.4. ಮ್ಯಾಕ್ರೋಗೆ ಹಾಕಿದರೆ ಒಂದು ಗೇಣಿನ ಹತ್ತಿರಕ್ಕೂ ಹೋಗಬಹುದು.

ಲೆನ್ಸ್ ಕಳಚೋದಿಲ್ಲ ಅನ್ನೋದನ್ನ ಸ್ಟುಡಿಯೋದವರು ಕೊರತೆ ಅಂತಾರೆ. ನಮ್ಮ ಎರೆ ಹೊಲದಲ್ಲಿ ಅದೇ ಗುಣ. ಗಾಳಿಗೆ ಏಳೋ ಧೂಳಿನಲ್ಲಿ ಲೆನ್ಸ್ ಬಿಚ್ಚಿದರೆ ಒಳಗಿನ ಸೆನ್ಸರ್ ಮೇಲೆ ಮಣ್ಣು ಕೂರ್ತದೆ. ಇಲ್ಲಿ ಬಿಚ್ಚೋ ಪ್ರಶ್ನೆಯೇ ಇಲ್ಲ.

ಒಳಗಿನ ರಚನೆಯೂ ಬೇರೆ. ಬೇರೆ ಎಸ್‌ಎಲ್‌ಆರ್‌ಗಳಲ್ಲಿ ಒಂದು ಕನ್ನಡಿ ಪಟ್ ಅಂತ ಎದ್ದು ಬೀಳ್ತದೆ. ಇದರಲ್ಲಿ ಕನ್ನಡಿ ಕುಣಿಯೋದಿಲ್ಲ. ಗಾಜಿನ ಪ್ರಿಸಮ್ ಒಂದು ಬೆಳಕನ್ನು ಪಾಲು ಮಾಡಿ ಒಂದಷ್ಟು ನಮ್ಮ ಕಣ್ಣಿಗೆ, ಉಳಿದದ್ದು ಸೆನ್ಸರಿಗೆ ಕಳಿಸ್ತದೆ. ಕಾಲುವೆ ನೀರು ಎರಡು ಹೊಲಕ್ಕೆ ಹಂಚಿದ ಹಾಗೆ. ಇದರಿಂದಾಗಿ ಹಿಂದಿನ ಸಣ್ಣ ಪರದೆಯಲ್ಲಿ ಫೋಟೋ ತೆಗೆಯೋ ಮೊದಲೇ ಗಿಡ ಕಾಣ್ತದೆ. ಆ ಪರದೆ ಮೇಲಕ್ಕೆ ಮಡಚಿ ಏಳ್ತದೆ. ಕ್ಯಾಮೆರಾ ನೆಲದ ಹತ್ತಿರ ಹಿಡಿದು, ಮುಖ ಸ್ವಲ್ಪ ಮೇಲೆ ಮಾಡಿ, ನಾವು ಮೇಲಿನಿಂದ ಬಗ್ಗಿ ನೋಡಬಹುದು. ಎಲೆಯ ಅಡಿ ಕಾಣ್ತದೆ. ನನಗೆ ಬೇಕಾಗಿದ್ದು ಇದೇ.

ಇನ್ನು ಐಬು. ಬಿಸಿಲಿಗೆ ಆ ಪರದೆ ಕಾಣೋದಿಲ್ಲ, ಟವೆಲ್ ಮುಸುಕು ಹಾಕ್ಕೋಬೇಕು. ಐಎಸ್‌ಒ 320ಕ್ಕೆ ಮುಗೀತು, ಸಂಜೆ ಆರರ ಮೇಲೆ ಕೈ ಅಲುಗಿದರೆ ಫೋಟೋ ಕೆಟ್ಟಿತು. ನಾಲ್ಕು ಪೆನ್ಸಿಲ್ ಸೆಲ್ ಬೇಕು, ಪರದೆ ಹಚ್ಚಿಟ್ಟರೆ ಬೇಗ ತಿಂದುಹಾಕ್ತದೆ. ಕಾರ್ಡಿಗೆ ಎರಡು ಕಿಂಡಿ: ಸ್ಮಾರ್ಟ್‌ಮೀಡಿಯಾ ಅನ್ನೋದು ಈಗ ತಯಾರಾಗೋದೇ ಇಲ್ಲ, ಕಾಂಪ್ಯಾಕ್ಟ್‌ಫ್ಲ್ಯಾಶ್ ಹುಡುಕಿದರೆ ಸಿಗ್ತದೆ. ಮೈಮೇಲೆ ಗುಂಡಿಗಳು ಬಹಳ. ಔಷಧಿ ಹೊಡೆಯೋ ದಿನ ಕೈಗವಸು ಹಾಕ್ಕೊಂಡು ಒತ್ತಿದರೆ ಒಂದರ ಬದಲು ಎರಡು ಒತ್ತಿ ಹೋಗ್ತಾವೆ. ಫೋಟೋ ನಾಲ್ಕು ಮೆಗಾಪಿಕ್ಸೆಲ್, ಇವತ್ತಿನ ಫೋನುಗಳ ಮುಂದೆ ಅದು ಲೆಕ್ಕಕ್ಕಿಲ್ಲ.

ಆರನೇ ದಿನ ಬೆಳಿಗ್ಗೆ ಬಾವಿ ಕಡೆಯ ಮೂಲೆಯಲ್ಲಿ ಬಗ್ಗಿ ಪರದೆ ನೋಡ್ತಾ ಇದ್ದೆ. ಐದಾರು ಗಿಡದ ಕುಡಿ ಎಲೆ ಬೇರೆ ಥರ ಕಂಡವು. ಅಂಚು ಕೆಳಗೆ ಮಡಚಿ, ದೋಣಿ ಕವುಚಿ ಹಾಕಿದ ಹಾಗೆ, ತೊಟ್ಟು ಉದ್ದ. ಎದೆ ಧಸಕ್ ಅಂತು. ಥ್ರಿಪ್ಸ್ ಆದರೆ ಎಲೆ ಮೇಲಕ್ಕೆ ಮುದುಡ್ತದೆ, ಮೈಟ್ ಆದರೆ ಕೆಳಕ್ಕೆ. ಈ ಮಾತು ಹೋದ ವರ್ಷ ಪೆಟ್ಟು ತಿಂದ ಮೇಲೆ ಕಲಿತದ್ದು. ಫೋಟೋ ತೆಗೆದೆ, ಎಲೆಯ ಮಡಿಕೆ ಸ್ಪಷ್ಟ ಬಂತು. ಆದರೆ ನುಸಿ? ಎಷ್ಟು ದೊಡ್ಡದು ಮಾಡಿದರೂ ಕಾಣಲಿಲ್ಲ. ಮಗಳ ಕಾಲೇಜಿನ ಹತ್ತು ಪಟ್ಟಿನ ಕೈಮಸೂರ ತಂದು ಎಲೆ ಅಡಿ ಇಟ್ಟು ನೋಡಿದರೆ, ಬೆಳ್ಳಗೆ ಹಳದಿ ಚುಕ್ಕೆ ಸರಿದಾಡ್ತಿವೆ. ಎಲೆ ಕಿತ್ಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆ. ಅವರು ನೋಡಿ ಖಾತ್ರಿ ಮಾಡಿ ಹೇಳಿದ ನುಸಿನಾಶಕವನ್ನ ಆ ಮೂಲೆಗೆ, ಸುತ್ತ ನಾಲ್ಕು ಸಾಲಿಗೆ ಮಾತ್ರ ಹೊಡೆದೆ. ಈಗ ಹೊಸ ಕುಡಿ ನೆಟ್ಟಗೆ ಬರ್ತಿದೆ.

ಎಂಟನೇ ದಿನ ಕ್ಯಾಮೆರಾ ಒರೆಸಿ ವಾಪಸ್ ಕೊಟ್ಟೆ. ಹಿರಿಯರು ಮುಖ ನೋಡಿದರು. ನಿಜ ಹೇಳಿದೆ: "ವಸ್ತು ಗಟ್ಟಿ ಐತ್ರಿ, ಕೈಗೆ ಒಪ್ಪತೈತಿ. ಆದರ ನನಗ ಕಮ್ಮಿ ಇದ್ದದ್ದು ಕ್ಯಾಮೆರಾ ಅಲ್ಲ, ಬಗ್ಗೋದು." ಅವರು ನಕ್ಕು, "ಅದನ್ನ ಕಲಿಸಿದ ಬಾಡಿಗಿನಾದ್ರೂ ಕೊಡು" ಅಂದರು. ಎರಡು ಕೆಜಿ ಒಣಮೆಣಸಿನಕಾಯಿ ಕೊಡ್ತೀನಿ ಅಂತ ಒಪ್ಪಿಕೊಂಡು ಬಂದೆ.

ಹೋದ ವರ್ಷ ತಪ್ಪು ಫೋನಿಂದೂ ಅಲ್ಲ, ಅಂಗಡಿಯವರದ್ದು ಪೂರ್ತಿಯೂ ಅಲ್ಲ. ನಾನು ಎಲೆ ಮಗುಚಲಿಲ್ಲ. ಬರೆಯಲಿಕ್ಕೆ ಮುಜುಗರ ಆಗ್ತದೆ, ಆದರೂ ಬರೆದಿಟ್ಟರೆ ಇನ್ನೊಬ್ಬರ ಬಳೆ ಉಳೀಬಹುದು.

ನಿಮ್ಮ ಮನೆಯಲ್ಲಿ ಇಂಥ ಹಳೆ ಕ್ಯಾಮೆರಾ ಇದ್ದರೆ ಎಸೀಬೇಡ್ರಿ, ಉಪಯೋಗ ಇದೆ. ದುಡ್ಡು ಕೊಟ್ಟು ತರೋದಾದರೆ ಮೊದಲು ಕೈಮಸೂರ ತರ್ರಿ. ಫೋಟೋ ಕಳಿಸುವಾಗ ಮೂರು ಕಳಿಸ್ರಿ: ಇಡೀ ಗಿಡ, ಎಲೆಯ ಮೇಲ್ಭಾಗ, ಎಲೆಯ ಅಡಿಭಾಗ. ಅಡಿಭಾಗ ಮರೀಬೇಡ್ರಿ.

ಭಾನುವಾರ ಬೆಳಿಗ್ಗೆ ಹೊಲದಲ್ಲೇ ಇರ್ತೀನಿ. ಅನುಮಾನ ಇದ್ದವರು ಎಲೆ ತಗೊಂಡು ಬರ್ರಿ, ಕೂಡಿ ನೋಡೋಣ.